ಬೀಳುವ ಗಾಜಿಗೆ ಕೈ ಒಡ್ಡಬಾರದು

ಹೇಳಿಕೆ ಕೊಡುವವರು: ಪೇಟೆಯಲ್ಲಿ ಎಲ್ಲರೂ ಗಾಜಿನ ದೊಡ್ಡಪ್ಪ ಎಂದು ಕರೆಯುವವನು. ವಯಸ್ಸು ಅರವತ್ತೇಳು. ಕಸುಬು: ಕಿಟಕಿ, ಬಾಗಿಲು, ಅಂಗಡಿಯ ಮುಂಭಾಗಗಳಿಗೆ ಗಾಜು ಕತ್ತರಿಸಿ ಕೂರಿಸುವುದು. ವಾಸ: ಬಸ್ ನಿಲ್ದಾಣದ ಹಿಂದಿನ ರಸ್ತೆ, ಕೆಳಗೆ ಅಂಗಡಿ, ಮೇಲೆ ಮನೆ.

ನಾನು ಈ ದಿನ ಠಾಣೆಗೆ ನಾನಾಗಿಯೇ ಬಂದು, ಯಾರ ಒತ್ತಾಯವೂ ಇಲ್ಲದೆ ಹೇಳಿ ಬರೆಸುತ್ತಿರುವುದೇನೆಂದರೆ:

ದೂರಿನಲ್ಲಿ ಆರೋಪಿ ಎಂದು ಬರೆದಿರುವವಳು ನನ್ನ ತಮ್ಮನ ಮಗಳು. ವಯಸ್ಸು ಇಪ್ಪತ್ತಾರು. ಅವಳು ಬೇಕೆಂದೇ ಗಾಜು ಬೀಳಿಸಿ, ಚಪ್ಪಲಿ ಅಂಗಡಿಯ ಯಜಮಾನರನ್ನು ತಳ್ಳಿ ಗಾಯ ಮಾಡಿದಳು ಎಂದು ದೂರು. ಆಗ ಗಾಜಿನ ಇನ್ನೊಂದು ತುದಿ ಹಿಡಿದಿದ್ದವನು ನಾನು.

ಅವಳು ಮೊದಲು ಹೊಲಿಗೆ ಅಂಗಡಿಯಲ್ಲಿದ್ದಳು. ಹೋದ ವರ್ಷ ಆ ಅಂಗಡಿ ಮುಚ್ಚಿತು. ಮಾರನೆಯ ವಾರ ನನ್ನಲ್ಲಿಗೆ ಬಂದು, ಕತ್ತರಿಸುವುದು ತನಗೆ ಗೊತ್ತು, ಬಟ್ಟೆಯ ಬದಲು ಗಾಜು, ಅಷ್ಟೇ ತಾನೇ ಎಂದು ಕೇಳಿದಳು. ಬಟ್ಟೆ ಕೆಟ್ಟರೆ ತೇಪೆ ಹಾಕಬಹುದು, ಗಾಜಿಗೆ ತೇಪೆ ಇಲ್ಲ ಎಂದು ನಾನು ಹೇಳಿದೆ. ಹಾಗಾದರೆ ಕೆಡಿಸದೇ ಇರುವುದನ್ನು ಕಲಿಸಿ ಎಂದಳು. ಮರುದಿನದಿಂದಲೇ ಬರಲು ಹೇಳಿದೆ.

ನಮ್ಮ ಕಸುಬಿಗೆ ಬರುವವರಿಗೆ ಮೊದಲು ಕತ್ತರಿಸುವುದನ್ನು ಕಲಿಸುವುದಿಲ್ಲ. ಹಿತ್ತಲಲ್ಲಿ ಮರಳು ಹರಡಿ, ದಪ್ಪ ಬೂಟು, ಚರ್ಮದ ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಸಿ ನಿಲ್ಲಿಸುತ್ತೇವೆ. ಅವರ ಎದುರಿಗೆ ಹಳೆಯ ಗಾಜೊಂದನ್ನು ಕೈಬಿಡುತ್ತೇವೆ. ಹಿಡಿಯಲು ಕೈ ಮುಂದೆ ಬಂದರೆ ಅವರು ಇನ್ನೂ ತಯಾರಿಲ್ಲ ಎಂದು ಅರ್ಥ. ಮರುದಿನ ಮತ್ತೆ. ಕೈ ತಾನಾಗಿ ಹಿಂದಕ್ಕೆ ಹೋಗುವವರೆಗೂ ಇದೇ ಪಾಠ.

ಇದು ಪ್ರಕರಣಕ್ಕೆ ಬೇಕೇ ಎಂದು ಬರೆದುಕೊಳ್ಳುತ್ತಿರುವವರು ಕೇಳಿದರು. ಇದೇ ಪ್ರಕರಣ ಎಂದೆ.

ಅವಳ ಕೈ ಎಷ್ಟೋ ದಿನ ಮುಂದೆಯೇ ಬರುತ್ತಿತ್ತು. ಒಂದು ಬೆಳಿಗ್ಗೆ ಮರಳಿನ ಮೇಲೆ ಕೂತುಬಿಟ್ಟಳು.

“ಬೀಳೋದನ್ನ ಹಿಡೀಬೇಡ ಅಂತ ನನಗೆ ಯಾರೂ ಹೇಳಿಲ್ಲ ದೊಡ್ಡಪ್ಪ. ಹುಟ್ಟಿದಾಗಿಂದ ಹಿಡಿ, ಹಿಡಿ ಅಂತಾನೇ ಬೈಸ್ಕೊಂಡಿದ್ದೀನಿ. ಪಾತ್ರೆ ಹಿಡಿ, ಮಗು ಹಿಡಿ.”

ನಾನು ನನ್ನ ಬಲಗೈ ತೋರಿಸಿದೆ. ಅವಳು ನೋಡಿ ಎದ್ದು ನಿಂತಳು. ಇನ್ನೊಂದು ಗಾಜು ಬಿಡಿ ಎಂದಳು. ಆ ವಾರ ಅವಳ ಕೈ ಹಿಂದಕ್ಕೆ ಹೋಯಿತು. ಆಮೇಲೆ ಗಾಜು ಕತ್ತರಿಸುವ ಪುಟ್ಟ ಚಕ್ರ ಕೊಟ್ಟೆ. ಒಂದೇ ಉಸಿರಿಗೆ ಒಂದೇ ಗೆರೆ ಎಳೆಯುವುದನ್ನು ಅವಳು ನನಗಿಂತ ಬೇಗ ಕಲಿತಳು. ಇದನ್ನು ಅವಳಿಗೆ ಇದುವರೆಗೆ ಹೇಳಿಲ್ಲ.

ಈ ದಿನ ಬೆಳಿಗ್ಗೆ ಸುಮಾರು ಹತ್ತೂವರೆಗೆ ನಾವಿಬ್ಬರು ಚಪ್ಪಲಿ ಅಂಗಡಿಯ ಮುಂದೆ ಗಾಡಿಯಿಂದ ಗಾಜು ಇಳಿಸಿದೆವು. ಆರಡಿ ಎತ್ತರ, ನಾಲ್ಕಡಿ ಅಗಲ. ಗಂಡಸರು ಯಾರೂ ಸಿಗಲಿಲ್ಲವೇ, ಬಳೆ ತೊಡುವ ಕೈಗೆ ಇದೆಲ್ಲ ಯಾಕೆ ಎಂದು ಯಜಮಾನರು ನನ್ನನ್ನು ಕೇಳಿದರು. “ಬಳೇನೂ ಗಾಜೇ ಅಲ್ವಾ ಸಾರ್, ಅಭ್ಯಾಸ ಇದೆ” ಎಂದು ಅವಳು ಹೇಳಿದಳು. ಪಕ್ಕದ ಅಂಗಡಿಯವರು ನಕ್ಕರು. ಯಜಮಾನರು ನಗಲಿಲ್ಲ. ಈ ಮಾತಿನ ಸಿಟ್ಟಿಗೇ ಅವಳು ಗಾಜು ಬೀಳಿಸಿದಳು ಎಂದು ದೂರಿನಲ್ಲಿದೆ. ಮಾತಿನಲ್ಲಿ ಗೆದ್ದವಳಿಗೆ ಸಿಟ್ಟು ಯಾಕೆ ಬರಬೇಕು ಎಂಬುದು ನನಗೆ ತಿಳಿಯದು.

ಗಾಜನ್ನು ನೆಟ್ಟಗೆ ನಿಲ್ಲಿಸಿಕೊಂಡು ಒಯ್ಯುತ್ತಿದ್ದೆವು. ಅವಳು ಮುಂದೆ, ನಾನು ಹಿಂದೆ. ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಫುಟ್‌ಪಾತಿನ ಕಲ್ಲೊಂದು ಅಲುಗಾಡಿ ನನ್ನ ಹಿಮ್ಮಡಿ ಜಾರಿತು. ನಾನು ಹಿಡಿದಿದ್ದ ಕಡೆಯ ಕೆಳಮೂಲೆ ಮೆಟ್ಟಿಲಿಗೆ ತಾಗಿ ಟಿಕ್ ಎಂದಿತು. ಬಿರುಕು ಕೆಳಗಿನಿಂದ ಅವಳ ಕೈಯವರೆಗೆ ಓಡಿದ್ದನ್ನು ಕಣ್ಣಾರೆ ಕಂಡೆ. ಹಾಗೆ ಸೀಳಿದ ಗಾಜಿನ ಮೇಲಿನ ತುಂಡು ಮಚ್ಚಿನ ಹಾಗೆ ಜಾರುತ್ತದೆ.

“ಬಿಡು” ಎಂದೆ. ಬಿಟ್ಟಳು.

ಆ ಗಳಿಗೆಯಲ್ಲೇ ಯಜಮಾನರು ಎರಡೂ ಕೈ ಚಾಚಿ ಗಾಜು ಹಿಡಿಯಲು ನುಗ್ಗಿದರು. ಅವಳು ಅವರ ಎದೆಗೆ ಕೈಯಿಟ್ಟು ತಳ್ಳಿದಳು. ಅವರು ಚಪ್ಪಲಿ ಡಬ್ಬಿಗಳ ಮೇಲೆ ಹಿಮ್ಮುಖವಾಗಿ ಬಿದ್ದರು. ಮೊಣಕೈ ಸ್ಟೂಲಿಗೆ ಬಡಿಯಿತು. ಗಾಜು ಅವರು ನಿಂತಿದ್ದಲ್ಲಿ ಬಿತ್ತು. ಅಲ್ಲಿದ್ದ ರಬ್ಬರಿನ ಕಾಲೊರೆಸು ಗೇಣುದ್ದ ಸೀಳಿದೆ. ಅದನ್ನು ಹಾಗೆಯೇ ಇಡಲು ಹೇಳಿ ಬಂದಿದ್ದೇನೆ, ಸ್ಥಳಕ್ಕೆ ಹೋದವರು ದಯವಿಟ್ಟು ನೋಡಬೇಕು.

ಯಜಮಾನರು ಕೆಟ್ಟವರಲ್ಲ. ಅವರ ಮಹಡಿಯ ಕಿಟಕಿಗಳಿಗೆ ನನ್ನದೇ ಗಾಜು. ಬೀಳುವುದನ್ನು ಕಂಡರೆ ಯಾರ ಕೈಯಾದರೂ ಮುಂದೆ ಹೋಗುತ್ತದೆ.

ಮಧ್ಯಾಹ್ನ ಠಾಣೆಯ ಸಾಹೇಬರು ನನ್ನನ್ನು ಬದಿಗೆ ಕರೆದು, ಅವಳು ಎಚ್ಚರ ತಪ್ಪಿದಳು, ಇನ್ನು ಕೆಲಸಕ್ಕೆ ಕರೆತರುವುದಿಲ್ಲ ಎಂದು ಎರಡು ಸಾಲು ಬರೆಸಿದರೆ ಯಜಮಾನರು ದೂರು ಹಿಂತೆಗೆದುಕೊಳ್ಳುತ್ತಾರೆ ಎಂದರು. ಈ ವಯಸ್ಸಿನಲ್ಲಿ ಕೋರ್ಟು ಕಚೇರಿ ಯಾಕೆ ಎಂದೂ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳನ್ನು ಕೇಳಿದೆ.

“ತಳ್ಳಿದ್ದಕ್ಕೆ ಕ್ಷಮೆ ಕೇಳ್ತೀನಿ ದೊಡ್ಡಪ್ಪ, ಅವರಿಗೆ ನೋವಾಗಿದೆ. ಬಿಟ್ಟಿದ್ದಕ್ಕೆ ಕೇಳಲ್ಲ.”

ಆ ಎರಡು ಸಾಲನ್ನು ನಾನೂ ಬರೆಸುವುದಿಲ್ಲ. ಬಿಡು ಎಂದಾಗ ಬಿಟ್ಟವಳನ್ನು ಕೆಲಸ ಬಿಡಿಸಿದರೆ, ಮುಂದೆ ಈ ಕಸುಬಿಗೆ ಬರುವವರು ಗಾಜು ಜಾರುವಾಗ ಮೊದಲು ಅಂಗಡಿಯವರ ಮುಖ ನೋಡುತ್ತಾರೆ. ಕೈ ಹೋಗಲು ಅಷ್ಟು ಹೊತ್ತು ಸಾಕು. ಮೂಲೆ ತಾಗಿದ್ದು ನನ್ನ ಕಡೆ, ಆದ್ದರಿಂದ ಒಡೆದ ಗಾಜು ನನ್ನ ಲೆಕ್ಕಕ್ಕೆ. ಹೊಸ ಗಾಜನ್ನು ಅವಳೇ ಕತ್ತರಿಸುತ್ತಾಳೆ. ಕೂರಿಸಲು ಹೋಗುವಾಗ ಮುಂದಿನ ತುದಿ ಅವಳೇ ಹಿಡಿಯುತ್ತಾಳೆ. ಇದಕ್ಕೆ ಪ್ರಕರಣ ನಡೆಯಬೇಕೆಂದಿದ್ದರೆ ನಡೆಯಲಿ, ಕರೆದಾಗಲೆಲ್ಲ ಬರುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದೇ ಇದೆ, ಕೂಡಿಸಿದ್ದು ಏನೂ ಇಲ್ಲ. ಯಜಮಾನರ ದೂರನ್ನೂ ನನಗೆ ತೋರಿಸಿದರು. ಅದಕ್ಕೆ ಅವರು ಬಲಗೈಯಲ್ಲೇ ಅಂದವಾಗಿ ಸಹಿ ಮಾಡಿದ್ದಾರೆ. ನೋಡಿ ಸಂತೋಷವಾಯಿತು. ನನ್ನ ಸಹಿ ವಕ್ರವಾಗಿರುವುದಕ್ಕೆ ಯಾರೂ ಅನುಮಾನ ಪಡಬಾರದು. ಇಪ್ಪತ್ತನೆಯ ವಯಸ್ಸಿನಲ್ಲಿ ಬೀಳುತ್ತಿದ್ದ ಒಂದು ಗಾಜನ್ನು ಹಿಡಿದೆ. ಅಂದಿನಿಂದ ಎಡಗೈಯಲ್ಲೇ ಬರೆಯುತ್ತೇನೆ.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನ: ಶುಕ್ರವಾರ, ಸಂಜೆ
ಸಹಿ: (ಎಡಗೈ) ಗಾಜಿನ ದೊಡ್ಡಪ್ಪ