ಮಡ್‌ಗಾರ್ಡ್ ಸವರಿದ ಅಂಗೈ

ಬಸ್ಸು ತಡವಾಯಿತೆಂದು ಯುವಕ ಹಲ್ಲು ಕಡಿಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಕಣ್ಣು ಕಾಣದ ಮುದುಕನೊಬ್ಬ ಹಳೇ ಕಾರಿನಿಂದ ಕಳಚಿದ ಮಡ್‌ಗಾರ್ಡನ್ನು ತೊಡೆಯ ಮೇಲಿಟ್ಟು ಅಂಗೈಯಿಂದ ಸವರುತ್ತಿದ್ದ. ಅವನ ಮಗಳು ಪುಟ್ಟ ಸುತ್ತಿಗೆ ಹಿಡಿದು ಪಕ್ಕದಲ್ಲಿ ಕೂತಿದ್ದಳು.

“ಹೇಳಪ್ಪಾ, ಬಣ್ಣ ಹೊಡೀಲಾ? ಇದು ಕೆಟ್ರೆ ಬೇರೆ ಕೊಳ್ಳೋಕೆ ಕಾಸಿಲ್ಲ.”

“ತಾಳೇ. ಇಲ್ಲಿ ಸಾಸಿವೆಯಷ್ಟು ಉಬ್ಬಿದೆ.”

“ನಂಗೇನೂ ಕಾಣ್ತಿಲ್ವಲ್ಲ!”

“ಕಣ್ಣಿದ್ದಾಗ ನಂಗೂ ಕಾಣ್ತಿರ್ಲಿಲ್ಲ. ಮೆಲ್ಲಗೆ ಇನ್ನೆರಡು ಏಟು ಹಾಕು, ಆಮೇಲೆ ಬಣ್ಣ.”

“ಅಂದ್ರೆ, ಉಳೀತಾ?”

“ಉಳೀತು. ಆ ಉಬ್ಬು ಬಿಟ್ರೆ, ತುಕ್ಕು ತಿಂದಿದ್ದ ತಗಡು ಅಂತ ನನ್ನ ಕೈಗೇ ಗೊತ್ತಾಗ್ತಿಲ್ಲ, ಮಗಳೇ.”

ಬಸ್ಸು ಬಂತು. ಹತ್ತುವಾಗ ಮುದುಕನ ಅಂಗೈ ಬಾಗಿಲ ಪಕ್ಕದ ತಗಡಿನ ಮೇಲೆ ನಿಂತಿತು.

“ಇದಕ್ಕೂ ಒಂದ್ಸಲ ಏಟು ಬಿದ್ದಿದೆ ಕಣೇ.”

“ಹೌದಜ್ಜಾ, ಹೋದ ವರ್ಷ!” ಕಂಡಕ್ಟರ್ ಬೆಪ್ಪಾದ. “ನಿಮಗ್ಯಾರು ಹೇಳಿದ್ರು?”

ಯುವಕ ಅಲ್ಲೇ ಕೈಯಿಟ್ಟು ನೋಡಿದ. ಗಾಜಿನಷ್ಟು ನುಣುಪು. ಬಸ್ಸು ಹೊರಟಿತು, ಅವನು ಹತ್ತುವುದನ್ನೇ ಮರೆತಿದ್ದ.