ಮರೀಚ್ಯಾಸನ ಮತ್ತು ಜಯಶೀಲಮ್ಮನವರ ಮಂಡಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ನನ್ನ ಗುರುಗಳಾದ ಶ್ರೀಕಂಠ ಶರ್ಮರೇ, ಅತಿಥಿಗಳೇ, ಬೆಳಗಿನ ನಾಲ್ಕೂವರೆಗೇ ಎದ್ದು ಈಗ ಆಕಳಿಕೆ ತಡೆದು ಕೂತಿರುವ ಸಭಿಕರೇ,

ನಮ್ಮ ಯೋಗಶಾಲೆಯ ವಾರ್ಷಿಕೋತ್ಸವದಲ್ಲಿ ‘ಯೋಗಪದ್ಧತಿಗಳ ತುಲನೆ’ ಎಂಬ ವಿಷಯ ಕೊಟ್ಟಿದ್ದೀರಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇಷ್ಟು ದೊಡ್ಡ ವಿಷಯ ಏಕೆ? ಕಾರ್ಯದರ್ಶಿಗಳು ನಿನ್ನೆ ಹೇಳಿದರು: “ಲೋ ಚೆಲುವರಾಜ, ತುಲನೆ ಅಂದ್ರೆ ಏನಿಲ್ಲ ಕಣೋ. ನಮ್ದೇ ಮೇಲು ಅಂತ ಹೇಳಿ ಇಳಿ. ಆಮೇಲೆ ನಿಂಗೆ ಅಧಿಕಾರಪತ್ರ ಕೊಡ್ತೀವಿ.” ಕಲಿಸುವ ಆ ಪತ್ರಕ್ಕಾಗಿ ಆರು ವರ್ಷ ಕಾದಿದ್ದೇನೆ. ಹೇಳಿ ಇಳಿಯಬಹುದಿತ್ತು.

ಸರಿ, ತುಲನೆಯನ್ನೇ ಮಾಡೋಣ. ಮೈಸೂರಿನ ಈ ಬಡಾವಣೆಯಲ್ಲಿ ಮೂರು ಯೋಗ. ನಮ್ಮದು ಎಣಿಕೆಯದು. ಉಸಿರಿಗೊಂದು ಚಲನೆ, ಕ್ರಮ ತಪ್ಪುವಂತಿಲ್ಲ. ಮೈ ಕಾದು ಬೆವರಿದರೆ ಮನಸ್ಸಿಗೆ ಓಡಾಡಲು ಜಾಗ ಸಿಗದು ಎಂಬ ನಂಬಿಕೆ. ಎದುರು ರಸ್ತೆಯ ವಾಸಂತಿ ಮೇಡಂ ಅವರದು ಬೆಲ್ಟು, ಕುರ್ಚಿ, ದಿಂಬಿನ ಯೋಗ. ಐದು ನಿಮಿಷ ನಿಲ್ಲಿಸಿ, ಹೆಬ್ಬೆರಳು ಎತ್ತ ನೋಡುತ್ತಿದೆ ಎಂದು ಕೇಳುತ್ತಾರೆ. ಗಮನ ಮೈಯ ಮೂಲೆಮೂಲೆಗೂ ಹೋಗುವುದೇ ಅವರಿಗೆ ಧ್ಯಾನ. ಪಾರ್ಕಿನ ಹಿರಿಯರದು ಕಣ್ಮುಚ್ಚಿ ಕೂರುವುದು. ಮೈ ಅವರಿಗೆ ಕೂರುವ ಮಣೆ ಮಾತ್ರ. ‘ನಾನು’ ಕರಗಬೇಕು ಎಂದು ಮೂವರೂ ಹೇಳುತ್ತಾರೆ. ಹಾಗಿದ್ದರೆ ‘ನಮ್ಮದೇ ಮೇಲು’ ಎನ್ನುವವನು ಯಾರು ಸ್ವಾಮಿ? ಎಳನೀರು ಗಾಡಿಯ ಮುಂದೆ ಮೂರೂ ಕಡೆಯವರದು ದಿನಾ ಇದೇ ಜಗಳ. ಕೇಳಿ ಕೇಳಿ ಸಾಕಾಗಿದೆ.

ಒಂದು ಆಸನ ಬರುವ ತನಕ ಮುಂದಿನದನ್ನು ಕೊಡದಿರುವುದು ನಮ್ಮ ಪದ್ಧತಿ. ಮೂರನೇ ಸಾಲಿನಲ್ಲಿ ಊರುಗೋಲು ಹಿಡಿದು ಕೂತಿದ್ದಾರಲ್ಲ, ಜಯಶೀಲಮ್ಮನವರು, ಅವರು ಹದಿನಾಲ್ಕು ತಿಂಗಳು ಮರೀಚ್ಯಾಸನದಲ್ಲೇ ಉಳಿದರು. ಒಂದು ಕಾಲನ್ನು ಪದ್ಮಾಸನಕ್ಕೆ ಮಡಿಸಿ, ಸೊಂಟ ತಿರುಗಿಸಿ, ಬೆನ್ನ ಹಿಂದೆ ಕೈ ಕೂಡಿಸಬೇಕು. ಮೂವತ್ತು ವರ್ಷ ರೇಷ್ಮೆ ಮಗ್ಗದ ಮುಂದೆ ನಿಂತ ಕಾಲು ಮಡಿಯಲಿಲ್ಲ. “ಏನಪ್ಪಾ ಚೆಲುವ, ನಾನ್ ಸಾಯೋದ್ರೊಳ್ಗೆ ಮುಂದಿನ ಆಸನ ನೋಡ್ತೀನಾ?” ಎಂದು ನಗುತ್ತಿದ್ದರು.

ಕಳೆದ ಶ್ರಾವಣದಲ್ಲಿ ಗುರುಗಳು ಊರಲ್ಲಿರಲಿಲ್ಲ. ನಾನೇ ಸಹಾಯಕ. ಅವರು ಬರುವಷ್ಟರಲ್ಲಿ ಈ ತಾಯಿಯ ಕೈ ಕೂಡಿಸಿ ತೋರಿಸಬೇಕೆಂಬ ಹಟ. “ಬೇಡ ಕಣಪ್ಪ, ಮಂಡಿ ಹಿಡೀತಿದೆ” ಎಂದರು. “ಉಸಿರು ಬಿಡಿ ಅಮ್ಮ, ಹಿಡಿದಿರೋದು ಅಹಂಕಾರ” ಎಂದು ತೊಡೆಯ ಮೇಲೆ ಭಾರ ಹಾಕಿ ಒತ್ತಿದೆ. ಒಣಕಡ್ಡಿ ಮುರಿದಂಥ ಸದ್ದು ಬಂತು. ನಾನು ಎಣಿಕೆ ನಿಲ್ಲಿಸಲಿಲ್ಲ. ಇನ್ನೂ ಎರಡು ಎಣಿಸಿದೆ.

ಈಗತಾನೆ ಇಲ್ಲಿ ಓದಿದ ವಾರ್ಷಿಕ ವರದಿಯಲ್ಲಿ, ಜಯಶೀಲಮ್ಮನವರು ಮನೆಯ ಮೆಟ್ಟಿಲಲ್ಲಿ ಜಾರಿ ಮಂಡಿಗೆ ಪೆಟ್ಟು ಮಾಡಿಕೊಂಡರು ಎಂದಿದೆ. ನೀವೂ ಪಾಪ ಎಂದಿರಿ. ಅವರ ಮನೆಗೆ ಮೆಟ್ಟಿಲೇ ಇಲ್ಲ. ಹಾಗೆ ಬರೆಸಿದವನು ನಾನು. ಗುರುಗಳಿಗೂ ಗೊತ್ತಿಲ್ಲ. ಜಯಶೀಲಮ್ಮನವರು ಬಾಯಿ ಬಿಡಲಿಲ್ಲ. “ಹುಡ್ಗನ ಪತ್ರ ನಿಂತೋಯ್ತದೆ, ಸುಮ್ಕಿರು” ಎಂದು ಮಗಳ ಬಾಯಿಯನ್ನೂ ಮುಚ್ಚಿಸಿದರಂತೆ.

ಈಗ ಅವರು ಎದುರು ರಸ್ತೆಯ ಯೋಗಶಾಲೆಯಲ್ಲಿ ಕುರ್ಚಿ ಹಿಡಿದು ನಿಲ್ಲಲು ಕಲಿಯುತ್ತಿದ್ದಾರೆ. ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ವಾಸಂತಿ ಮೇಡಂ “ನೋವಾಯ್ತಾ?” ಎಂದು ಕೇಳುತ್ತಾರೆ, ಉತ್ತರ ಬರುವ ತನಕ ಕಾಯುತ್ತಾರೆ. ಅಷ್ಟೇ. ಅದಕ್ಕೆ ಯಾವ ಪದ್ಧತಿಯ ಹೆಸರು ಬೇಕು?

ಅಧ್ಯಕ್ಷರೇ, ಪತ್ರದಲ್ಲಿ ನನ್ನ ಹೆಸರು ಬರೆದಾಗಿದ್ದರೆ ಹೊಡೆದುಹಾಕಿ. ಗುರುಗಳೇ, ನಾಳೆ ನಾನು ಬರಬೇಕೋ ಬೇಡವೋ ನೀವೇ ಹೇಳಿ. ಜಯಶೀಲಮ್ಮನವರೇ, ಹೊರಡುವಾಗ ಆಟೋ ತನಕ ಕೈ ಹಿಡಿಯಲೇ? ಬೇಡ ಎಂದರೆ ಈ ಸಲ ಕೇಳಿಸಿಕೊಳ್ಳುತ್ತೇನೆ.

ಇಷ್ಟು ಹೊತ್ತು ಸಹಿಸಿದ ನಿಮಗೆಲ್ಲ ಋಣಿ. ನಮಸ್ಕಾರ.