ಇಪ್ಪತ್ತೆರಡನೇ ಮೇಜಿನಿಂದ ಎದ್ದು ಹೋದವಳು

ಹೆಸರು: ಖೋರ್ ಗೈಕ್ ಸುವಾನ್. ವಯಸ್ಸು: 69 ವರ್ಷ. ವಿಧವೆ. ವಿದ್ಯಾಭ್ಯಾಸ: ಪ್ರೌಢಶಾಲೆ. ವೃತ್ತಿ: ಸೀಗಡಿ ನೂಡಲ್ಸ್ ಅಂಗಡಿ, 41 ವರ್ಷ ನಡೆಸಿ ಈ ಜನವರಿಯಲ್ಲಿ ಮುಚ್ಚಿದ್ದು. ವಾಸ: ಜಾರ್ಜ್‌ಟೌನ್, ಪೆನಾಂಗ್. ಸದ್ಯ ಇಳಿದುಕೊಂಡಿರುವುದು: ತೈಪಿಂಗ್, ಕೆರೆ ಉದ್ಯಾನದ ಎದುರಿನ ಹೋಟೆಲ್, ಕೋಣೆ 305.

ಇಂದು ಮಧ್ಯಾಹ್ನ 12.20ಕ್ಕೆ ಇದೇ ಪೊಲೀಸ್ ಠಾಣೆಯಲ್ಲಿ ನನ್ನ ನಾದಿನಿ ಊಯಿ ಪೆಕ್ ಹಾರ್, 64 ವರ್ಷ, ಕಾಣೆಯಾಗಿದ್ದಾಳೆಂದು ನಾನು ದೂರು ಕೊಟ್ಟಿದ್ದೆ. ಆ ದೂರಿನಲ್ಲಿ ಒಂದು ತಪ್ಪು ಇದೆ. ಅದನ್ನು ತಿದ್ದಿಸಲು ಸಂಜೆ 4.40ಕ್ಕೆ ಮತ್ತೆ ಹಾಜರಾಗಿ, ಕಾರ್ಪೊರಲ್ ರೊಹಾಯ್ಜಾ ಅವರ ಮುಂದೆ, ಯಾರ ಒತ್ತಾಯವೂ ಇಲ್ಲದೆ ಬರೆಸುವುದು ಇಷ್ಟು.

ಪೆಕ್ ಹಾರ್ ನನ್ನ ಗಂಡನ ತಂಗಿ. ಮದುವೆಯಾಗಲಿಲ್ಲ. ನಾನು ಅಂಗಡಿ ಇಟ್ಟ ದಿನದಿಂದ ಮುಚ್ಚಿದ ದಿನದವರೆಗೆ ನನ್ನ ಜೊತೆಯಲ್ಲೇ ಇದ್ದಳು. ಅಂಗಡಿ ಮುಚ್ಚಿದ ಮೇಲೆ ನಾವಿಬ್ಬರೂ ಮನೆಯಲ್ಲಿ ಎದುರುಬದುರು ಕೂತಿರುವುದನ್ನು ನನ್ನ ಮಗಳು ಲೇ ಕಿಮ್ ಎರಡು ತಿಂಗಳು ನೋಡಿದಳು. ನಲವತ್ತೊಂದು ವರ್ಷ ಬೇರೆಯವರಿಗೆ ಬಡಿಸಿದ್ದಾಯಿತು, ಇನ್ನು ನಾಲ್ಕು ದಿನ ಬೇರೆಯವರು ಮಾಡಿದ್ದನ್ನು ಕೂತು ತಿಂದು ಬರೋಣ ಎಂದಳು. ನನಗೆ ಮನಸ್ಸಿರಲಿಲ್ಲ. ಆದರೆ ಅವಳು ಹೋಟೆಲ್‌ಗಳನ್ನು ಆಗಲೇ ಗೊತ್ತುಮಾಡಿಬಿಟ್ಟಿದ್ದಳು.

ಭಾನುವಾರ, ಮಾರ್ಚ್ 12ರಂದು ಬೆಳಿಗ್ಗೆ 7.10ಕ್ಕೆ ಮಗಳ ಕಾರಿನಲ್ಲಿ ಹೊರಟೆವು. 9.30ಕ್ಕೆ ಇಪೋ ತಲುಪಿದೆವು. ಅಲ್ಲಿ ಎರಡು ರಾತ್ರಿ ಇದ್ದೆವು. ನನಗೂ ನಾದಿನಿಗೂ ಒಂದು ಕೋಣೆ, ಎರಡು ಮಂಚ. ಸೋಮವಾರ ನಾನು ಏಳುವಷ್ಟರಲ್ಲಿ ಅವಳು ಕೋಣೆಯ ನಾಲ್ಕು ಕಪ್ಪು, ನಾಲ್ಕು ಸಾಸರು, ಎರಡು ಲೋಟ ತೊಳೆದು ಟವೆಲಿನ ಮೇಲೆ ಬೋರಲು ಹಾಕಿದ್ದಳು. ಅವನ್ನು ಯಾರೂ ಮುಟ್ಟಿರಲಿಲ್ಲ. ಹೋಟೆಲಿನವರು ಏನೆಂದುಕೊಳ್ಳುತ್ತಾರೆ ಎಂದು ಕೇಳಿದೆ. ಕಪ್ಪಿನ ಹಿಡಿಯ ಸಂದಿಯಲ್ಲಿ ಕಾಫಿ ಕಲೆ ಇತ್ತು ಎಂದಳು. ನಾನು ನೋಡಿದೆ. ಕಲೆ ಕಾಣಲಿಲ್ಲ, ಏಕೆಂದರೆ ಅವಳು ತೊಳೆದಾಗಿತ್ತು.

ಇಪೋದಲ್ಲಿ ಮೊಳಕೆ ಜೊತೆ ಕೊಡುವ ಬೇಯಿಸಿದ ಕೋಳಿ, ಅಕ್ಕಿಯ ಚಪ್ಪಟೆ ನೂಡಲ್ಸ್, ಹಾಲಿನ ಕಾಫಿ, ಮೊಟ್ಟೆಯ ಸಿಹಿ ಎಲ್ಲವನ್ನೂ ತಿಂದೆವು. ಮಗಳು ಪ್ರತಿ ಸಲವೂ ಅತ್ತೆ, ನಿಮಗೇನು ಬೇಕು ಎಂದು ಕೇಳಿದಳು. ನಾದಿನಿ ಪ್ರತಿ ಸಲವೂ ಅತ್ತಿಗೆ ತಿಂದದ್ದೇ ಸಾಕು ಎಂದಳು. ಸೋಮವಾರ ಮಧ್ಯಾಹ್ನ 1.15ಕ್ಕೆ ಕೋಳಿ ಅಂಗಡಿಯಲ್ಲಿ ಪಕ್ಕದ ಮೇಜಿನವರು ಎದ್ದು ಹೋದಾಗ ಅವರ ತಟ್ಟೆಗಳನ್ನು ನೋಡಿ, ಮೊಳಕೆ ಒಂದೂ ಉಳಿದಿಲ್ಲ, ಕೋಳಿಯ ತೊಡೆ ಉಳಿದಿದೆ, ಇವತ್ತು ಕೋಳಿ ಬೆಂದದ್ದು ಹೆಚ್ಚು ಎಂದಳು. ನಾನು ಅವಳಿಗೆ, ನಾವು ರಜೆಗೆ ಬಂದಿರುವುದು, ಜನರ ಎಂಜಲು ನೋಡಲು ಅಲ್ಲ ಎಂದೆ. ನಮ್ಮ ಕೋಳಿ ಬೆಂದದ್ದು ಹೆಚ್ಚಾಗಿತ್ತು.

ಮಂಗಳವಾರ ಮಧ್ಯಾಹ್ನ 2 ಗಂಟೆಗೆ ತೈಪಿಂಗ್‌ಗೆ ಬಂದೆವು. ಸಂಜೆ ಕೆರೆಯ ಸುತ್ತ ನಡೆದೆವು. ಮಳೆ ಬಂತು. ಹೋಟೆಲ್ ಚೆನ್ನಾಗಿದೆ, ಹಾಸಿಗೆ ಹೆಚ್ಚು ಮೆತ್ತಗೆ.

ಇಂದು ಬುಧವಾರ ಬೆಳಿಗ್ಗೆ 8.05ಕ್ಕೆ ಹೋಟೆಲಿನಿಂದ 600 ಮೀಟರ್ ದೂರದ ತಿಂಡಿ ಅಂಗಡಿಗಳ ಅಂಗಳಕ್ಕೆ ಹೋದೆವು. ಒಂದೇ ಸೂರಿನ ಕೆಳಗೆ ಮೂವತ್ತಕ್ಕೂ ಹೆಚ್ಚು ಅಂಗಡಿಗಳಿವೆ. ನಾವು ಕೂತದ್ದು 22ನೇ ಮೇಜು. ಸೀಗಡಿ ನೂಡಲ್ಸ್ ಮೂರು, ಬಾಣಲೆಯಲ್ಲಿ ಹುರಿದ ನೂಡಲ್ಸ್ ಒಂದು ತಟ್ಟೆ, ತರಕಾರಿ ಸುರುಳಿ ಒಂದು ತಟ್ಟೆ ಹೇಳಿದೆವು. ಇಂಥ ಕಡೆ ಪ್ರತಿ ಅಂಗಡಿಯ ಪಾತ್ರೆಗೂ ಅದರದೇ ಬಣ್ಣ ಇರುತ್ತದೆ, ತೊಳೆದ ಮೇಲೆ ಯಾರದ್ದು ಯಾರಿಗೆ ಎಂದು ತಿಳಿಯಲು. ಸೀಗಡಿ ಅಂಗಡಿಯವನದು ನೀಲಿ ಬಟ್ಟಲು.

8.40ಕ್ಕೆ ಆ ಅಂಗಡಿಯ ಯಜಮಾನ ಲಾವ್ ಚೀ ಹೆಂಗ್, ಸುಮಾರು 50 ವರ್ಷ, ನಮ್ಮ ಮೇಜಿಗೆ ಬಂದ. ಪೆನಾಂಗ್‌ನಲ್ಲಿ ನಿಮ್ಮ ಅಂಗಡಿಯ ಮುಂದೆ ಎರಡು ಸಲ ಒಂದೊಂದು ಗಂಟೆ ಸಾಲಿನಲ್ಲಿ ನಿಂತಿದ್ದೆ, ನಿಮ್ಮ ಮುಖ ಮರೆಯುವಂಥದ್ದಲ್ಲ ಎಂದ. ಒಂದು ಸಲ ಅವನು ಇನ್ನೊಂದಿಷ್ಟು ಸಾರು ಕೇಳಿದ್ದಕ್ಕೆ ನಾನು ಬೈದಿದ್ದೆನಂತೆ. ಬೈದಿರಬಹುದು. ಸೀಗಡಿ ಚಿಪ್ಪು ಎಷ್ಟು ಹೊತ್ತು ಹುರಿಯಬೇಕು ಎಂದು ಕೇಳಿದ, ಹೇಳಿದೆ. ನಲವತ್ತು ವರ್ಷ ರುಚಿ ಒಂದೇ ಥರ ಹೇಗೆ ಉಳಿಸಿಕೊಂಡಿರಿ ಎಂದು ಕೇಳಿದ. ನಾನು ನನ್ನ ಬಲಗೈ ತೋರಿಸಿದೆ. ಇವರು ಯಾರು ಎಂದು ನಾದಿನಿಯ ಕಡೆ ನೋಡಿ ಕೇಳಿದ. ಆಗ ನಾನು ಹೇಳಿದ ಮಾತು ಹೀಗಿತ್ತು:

"ನಮ್ಮನೆಯವಳೇ. ಬಟ್ಟಲು ತೊಳೆಯೋಕೆ ಇದ್ದಳು, ಅಷ್ಟೆ."

ಮಗಳು ಮೇಜಿನ ಕೆಳಗೆ ನನ್ನ ಕಾಲು ಒತ್ತಿದಳು. ಹೆಂಗ್ ಹೊರಟುಹೋದ. 8.55ಕ್ಕೆ ನಾದಿನಿ ಎದ್ದು ನಿಂತಳು. ತನ್ನ ಮಡಚಿದ ಕೊಡೆಯನ್ನು ಮೇಜಿನ ಮೇಲೆ ಅಡ್ಡಲಾಗಿ ಇಟ್ಟಳು. ಮೂರು ನೀಲಿ ಬಟ್ಟಲು ಒಂದರೊಳಗೊಂದು ಇಟ್ಟು, ಚಮಚಗಳನ್ನು ಮೇಲಿನದರಲ್ಲಿ ಹಾಕಿ, ಎತ್ತಿಕೊಂಡು ಹೋದಳು. ಬಟ್ಟಲು ಎತ್ತುವವರು ಬರುತ್ತಾರೆ, ನೀನು ಕೂತ್ಕೊ ಎಂದೆ. ಅವಳಿಗೆ ಕೇಳಿಸಲಿಲ್ಲ ಎಂದುಕೊಂಡೆ.

ಮೇಜಿನ ಮೇಲೆ ಕೊಡೆಯನ್ನೋ ಕರವಸ್ತ್ರವನ್ನೋ ಇಟ್ಟು ಹೋದರೆ, ಈ ಜಾಗ ನನ್ನದು, ಈಗ ಬರುತ್ತೇನೆ ಎಂದು ಅರ್ಥ. ಆ ಕೊಡೆ ಇದ್ದದ್ದರಿಂದ ನಾವು 9.45ರವರೆಗೆ ನಿಶ್ಚಿಂತೆಯಿಂದ ಕೂತಿದ್ದೆವು. ಎರಡು ಕಾಫಿ ಕುಡಿದೆವು. ಜಾಗ ಹುಡುಕುತ್ತಿದ್ದ ಐದಾರು ಜನ ಬಂದು ಕೊಡೆ ನೋಡಿ ಮುಂದೆ ಹೋದರು. ಅವಳ ಫೋನು ಹೋಟೆಲಿನಲ್ಲಿ ಚಾರ್ಜಿಗೆ ಹಾಕಿತ್ತು.

9.45ರಿಂದ ಹುಡುಕಿದೆವು. ಅಂಗಳದ ಎಲ್ಲ ಮೇಜುಗಳ ನಡುವೆ ಎರಡು ಸುತ್ತು, ಶೌಚಾಲಯ, ಪಕ್ಕದ ಮಾರುಕಟ್ಟೆ, ಹೋಟೆಲ್ ಕೋಣೆ, ಬಸ್ ನಿಲ್ದಾಣ. ಕೆರೆಯ ಸುತ್ತ ಮಗಳು ಒಬ್ಬಳೇ ಓಡಿದಳು. ನೀರಿನ ಕಡೆ ನೋಡಿದೆಯಾ ಎಂದು ನಾನು ಕೇಳಲಿಲ್ಲ. ಅವಳ ಚಪ್ಪಲಿ ಒದ್ದೆಯಾಗಿತ್ತು.

12.20ಕ್ಕೆ ಠಾಣೆಗೆ ಬಂದೆವು. ಕಾರ್ಪೊರಲ್ ರೊಹಾಯ್ಜಾ ಬರೆದುಕೊಂಡರು. ಎತ್ತರ ಐದು ಅಡಿ, ಬೂದು ಬಣ್ಣದ ಹೂವಿನ ಅಂಗಿ, ಕಪ್ಪು ಪ್ಯಾಂಟು, ಎರಡೂ ಕೈಯ ಬೆರಳ ತುದಿಗಳು ಸುಕ್ಕು. ಉದ್ಯೋಗ ಏನು ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಹಾಗೆಯೇ ಬರೆದರು. ಊಟದ ಪ್ರವಾಸಕ್ಕೆ ಬಂದಿದ್ದೀರಲ್ಲ, ಅವರಿಗೆ ಏನು ಇಷ್ಟ, ಆ ಅಂಗಡಿ ಹುಡುಕಿ ಹೋಗಿರಬಹುದು ಎಂದರು. ಮಗಳ ಮುಖ ನೋಡಿದೆ. ಅವಳಿಗೂ ಗೊತ್ತಿರಲಿಲ್ಲ. ಕಾರ್ಪೊರಲ್ ಆ ಜಾಗವನ್ನು ಖಾಲಿ ಬಿಟ್ಟರು. ಈಗಲೂ ಖಾಲಿ ಇದೆ, ನಾನು ನೋಡಿದೆ.

ಇಲ್ಲೇ ಕಾಯಿರಿ ಎಂದರು. ಕಾದೆವು. 2.25ಕ್ಕೆ, ಅಂಗಡಿಗಳು ಮುಚ್ಚುವ ಮೊದಲು ಹೆಂಗ್‌ನನ್ನು ಇನ್ನೊಮ್ಮೆ ಕೇಳಿ ಬರುತ್ತೇನೆಂದು ನಾನು ಒಬ್ಬಳೇ ಹೋದೆ. ಬೆಳಿಗ್ಗೆ 9.50ಕ್ಕೆ ಅವನನ್ನು ಕೇಳಿದ್ದು ಮಗಳು. ಗಿರಾಕಿಗಳ ನೂಕುನುಗ್ಗಲಿನಲ್ಲಿ, ಮೇಜುಗಳ ಹತ್ತಿರ ನಾನು ಯಾರನ್ನೂ ನೋಡಲಿಲ್ಲ ಎಂದು ಅವನು ಉತ್ತರ ಕೊಟ್ಟಿದ್ದ. ಅದು ಸುಳ್ಳಲ್ಲ.

2.35ಕ್ಕೆ ಅವನ ಅಂಗಡಿಯ ಮುಂದೆ ನಿಂತೆ. ಅವನು ಇರಲಿಲ್ಲ. ಒಲೆಯ ಪಕ್ಕದ ಹಲಗೆಯ ಮೇಲೆ ತೊಳೆದ ನೀಲಿ ಬಟ್ಟಲುಗಳಿದ್ದವು. ಎಲ್ಲರೂ ಬಟ್ಟಲನ್ನು ಬೋರಲು ಹಾಕುತ್ತಾರೆ. ಇವು ಒಂದರ ಬೆನ್ನಿಗೆ ಒಂದು ಒರಗಿ ಓರೆಯಾಗಿ ನಿಂತಿದ್ದವು, ನೀರು ಒಂದೇ ಕಡೆ ಇಳಿಯುವಂತೆ. ಮೂರಕ್ಕೆ ಒಂದು ಚಮಚ ಅಡ್ಡ, ಚಮಚದ ಹಿಡಿ ಎಡಕ್ಕೆ, ನನ್ನ ಅಂಗಡಿಯಲ್ಲಿ ನಾದಿನಿ ಇಡುತ್ತಿದ್ದ ಹಾಗೆಯೇ. ನಲವತ್ತೊಂದು ವರ್ಷ ನಾನು ಎಡಗೈಯಲ್ಲಿ ಬಟ್ಟಲು ತೆಗೆದುಕೊಂಡು ಬಲಗೈಯಲ್ಲಿ ಸಾರು ಹಾಕಿದ್ದೇನೆ. ಹಿಡಿ ಏಕೆ ಎಡಕ್ಕೆ ಇರುತ್ತಿತ್ತು ಎಂದು ಎಂದೂ ಯೋಚಿಸಿರಲಿಲ್ಲ.

ಬೆಳಿಗ್ಗೆ ನಾನು ಹುಡುಕಿದ್ದು ತಿನ್ನುವವರ ನಡುವೆ. ಅಂಗಳದ ಹಿಂಬದಿಗೆ ಹೋಗಿರಲಿಲ್ಲ. ನನ್ನ ಅಂಗಡಿಯ ಹಿಂಬದಿಗೂ ನಾನು ಹೋಗುತ್ತಿದ್ದದ್ದು ಕಡಿಮೆ. ಹೆಂಗ್‌ನ ಒಲೆಯಿಂದ ಹದಿನಾಲ್ಕು ಹೆಜ್ಜೆ ಹಿಂದೆ, ಚರಂಡಿಯ ಪಕ್ಕ, ಮೂರು ತೊಟ್ಟಿಗಳ ನಡುವೆ ಗಿಡ್ಡ ಮಣೆಯ ಮೇಲೆ ನಾದಿನಿ ಕೂತಿದ್ದಳು. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ್ದಳು. ಯಾರದೋ ರಬ್ಬರ್ ಏಪ್ರನ್ ಕಟ್ಟಿದ್ದಳು.

ಬೆಳಿಗ್ಗೆಯಿಂದ ಇಡೀ ಊರು ಹುಡುಕಿದೆವು, ಪೊಲೀಸರಿಗೂ ಬರೆಸಿದೆವು ಎಂದೆ. ಅವಳು ತಲೆ ಎತ್ತಲಿಲ್ಲ.

"ಏನಂತ ಬರೆಸಿದ್ರಿ ಅತ್ತಿಗೆ?"

"ಕಾಣೆಯಾಗಿದ್ದಾಳೆ ಅಂತ. ಇನ್ನೇನಂತ ಬರೆಸ್ಲಿ?"

"ಅದಲ್ಲ. ನಾನು ಯಾರು ಅಂತ ಬರೆಸಿದ್ರಿ?"

ಅವಳು ಎರಡು ಬಟ್ಟಲು ತೊಳೆದಳು.

ಅಷ್ಟರಲ್ಲಿ ಹೆಂಗ್ ಬಂದ. ಎರಡು ದಿನದಿಂದ ತೊಳೆಯುವ ಹೆಂಗಸು ಬಂದಿಲ್ಲ, ತನ್ನ ಹೆಂಡತಿ ಒದ್ದಾಡುತ್ತಿದ್ದಳು, ಇವರು ಬಂದು ಕೇಳದೆ ಕೂತು ತೊಳೆಯಲು ಶುರುಮಾಡಿದರು, ನೀವೇ ಕಳಿಸಿದ್ದೀರಿ ಎಂದು ಹೆಂಡತಿ ತಿಳಿದುಕೊಂಡಳು ಎಂದ. ಹತ್ತು ಗಂಟೆಗೆ ಇವರು ಹೆಂಡತಿಯ ಕೈಲಿ, ಸಾರು ಮುಕ್ಕಾಲು ಬಟ್ಟಲು ವಾಪಸ್ಸು ಬರುತ್ತಿದೆ, ಚಿಪ್ಪು ಕಹಿಯಾಗಿದೆ, ಹುರಿದದ್ದನ್ನು ಅರ್ಧ ತೆಗೆದು ಕಲ್ಲುಸಕ್ಕರೆ ಹಾಕಿ ಎಂದು ಹೇಳಿ ಕಳಿಸಿದರಂತೆ. ಹಾಕಿದನಂತೆ. ಹನ್ನೊಂದರಿಂದ ಬಟ್ಟಲುಗಳು ಖಾಲಿ ಬಂದವಂತೆ.

ಬೆಳಿಗ್ಗೆ ಆ ಸಾರು ಕಹಿ ಎಂದು ನನಗೂ ಅನ್ನಿಸಿತ್ತು. ಏಕೆ ಎಂದು ಹೊಳೆದಿರಲಿಲ್ಲ. ಆದರೂ ಅವನು ಕೇಳಿದಾಗ ಇನ್ನೂ ಎರಡು ನಿಮಿಷ ಹುರಿಯಲು ಹೇಳಿದ್ದೆ.

ನನ್ನ ಅಂಗಡಿಯಲ್ಲಿಯೂ ದಿನಾ ಒಂಬತ್ತು ಗಂಟೆ ಹೊತ್ತಿಗೆ ನಾದಿನಿ ಕೈ ಒರೆಸಿಕೊಂಡು ಬಂದು ನನ್ನ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ಇವತ್ತು ಸಾರು ಉಳೀತಿದೆ ಅತ್ತಿಗೆ ಎನ್ನುತ್ತಿದ್ದಳು, ಇಲ್ಲವೇ ನೂಡಲ್ಸ್ ಉಳೀತಿದೆ ಎನ್ನುತ್ತಿದ್ದಳು. ನಿನ್ನ ಕೆಲಸ ನೋಡ್ಕೊ ಎಂದು ನಾನು ಗದರುತ್ತಿದ್ದೆ. ಅವಳು ಆ ಕಡೆ ತಿರುಗಿದ ಮೇಲೆ ಉಪ್ಪನ್ನೋ ನೀರನ್ನೋ ಹಾಕುತ್ತಿದ್ದೆ. ಇದು ನಲವತ್ತೊಂದು ವರ್ಷ ನಡೆದ ವಿಷಯ. ಒಂದು ದಿನವೂ ತಪ್ಪಿಲ್ಲ. ಗಿರಾಕಿಗಳು ಹೊಗಳಿದ್ದು ನನ್ನ ಕೈಯನ್ನು.

ಏಳು, ಹೋಗೋಣ, ನಾಳೆ ಬೆಳಿಗ್ಗೆ ಮನೆಗೆ ಹೊರಡಬೇಕು ಎಂದೆ. ಆಗ ಅವಳು ನನ್ನ ಮುಖ ನೋಡಿ ಹೇಳಿದ್ದು:

"ನೀವು ಹೊರಡಿ. ಇವರ ಕೆಲಸದವಳು ಬರೋವರೆಗೂ ನಾನು ಇಲ್ಲೇ. ಇವರು ನನ್ನ ಹೆಸರು ಕೇಳಿದ್ರು ಅತ್ತಿಗೆ. ಆಮೇಲೆ ಸಾರು ಹೇಗಿದೆ ಅಂತಾನೂ ಕೇಳಿದ್ರು. ತೊಳೆಯೋಕೆ ಮನೇಲಿ ಏನಿದೆ, ನಾಲ್ಕು ಕಪ್ಪು."

ಆ ಕೆಲಸದವಳು ಬರದೇ ಹೋದರೆ ಎಂದು ಕೇಳಿದೆ. ಅದನ್ನು ಆಮೇಲೆ ನೋಡೋಣ ಎಂದಳು. ಕೊಡೆ ಏಕೆ ಇಟ್ಟು ಬಂದೆ, ಅದರಿಂದ ಒಂದು ಗಂಟೆ ಹಾಳಾಯಿತು ಎಂದೆ. ನೀವು ಎದ್ದೇಳದೆ ಆರಾಮಾಗಿ ತಿನ್ನಿ ಅಂತ ಇಟ್ಟೆ, ವಾಪಸ್ಸು ಬರ್ತೀನಿ ಅಂತ ಅಲ್ಲ ಎಂದಳು. ಹೆಂಗ್ ನಕ್ಕ. ನಾನು ಅವನ ಕಡೆ ನೋಡಿದೆ, ನಿಲ್ಲಿಸಿದ.

ಅವಳನ್ನು ಯಾರೂ ಕರೆದೊಯ್ದಿಲ್ಲ, ಕೂಡಿಹಾಕಿಲ್ಲ. ಹೆಂಗ್ ದಂಪತಿ ಮೇಲೆ ನನ್ನ ದೂರಿಲ್ಲ. ನಾದಿನಿ ತನ್ನ ಇಷ್ಟದಂತೆ ಅಲ್ಲಿದ್ದಾಳೆ. ಆದ್ದರಿಂದ ಕಾಣೆಯಾದವರ ಪಟ್ಟಿಯಿಂದ ಅವಳ ಹೆಸರು ತೆಗೆಯಬೇಕು.

ಹೆಸರು ತೆಗೆದರೆ ಬೆಳಗಿನ ಹಾಳೆಯೇ ಮುಗಿಯಿತು, ಅದರಲ್ಲಿ ತಿದ್ದುವುದು ಏಕೆ ಎಂದು ಕಾರ್ಪೊರಲ್ ರೊಹಾಯ್ಜಾ ಕೇಳಿದರು. ಹಾಳೆ ನಿಮ್ಮ ಕಪಾಟಿನಲ್ಲಿ ಇರುತ್ತದಲ್ಲ ಎಂದೆ. ಇರುತ್ತದೆ ಎಂದರು. ಹಾಗಾದರೆ ತಿದ್ದಬೇಕು. ಉದ್ಯೋಗ ಎಂಬಲ್ಲಿ ಏನೂ ಇಲ್ಲ ಎಂದು ನಾನು ಬರೆಸಿದ್ದು ತಪ್ಪು. ಅಲ್ಲಿ ಹೀಗೆ ಬರೆಯಬೇಕು: ಸೀಗಡಿ ನೂಡಲ್ಸ್ ಅಂಗಡಿ, 41 ವರ್ಷ. ನನ್ನ ಹೆಸರಿನ ಮುಂದೆ ಇರುವ ಮಾತೇ, ಅದೇ ಅಕ್ಷರ.

ಹೋಟೆಲಿನ ಕೋಣೆಯನ್ನು ಶನಿವಾರದವರೆಗೆ ನನ್ನ ಹೆಸರಿಗೆ ಹೇಳಿದ್ದೇನೆ. ಮಗಳು ನಾಳೆ ಕಾರು ತೆಗೆದುಕೊಂಡು ಹೊರಡುತ್ತಾಳೆ, ಅವಳಿಗೆ ಕೆಲಸವಿದೆ. ಇಬ್ಬರಿಗೂ ಬಸ್ಸಿನ ಹಾದಿ ಗೊತ್ತು. ನಾಳೆ ಬೆಳಿಗ್ಗೆ 8 ಗಂಟೆಗೆ ನಾನು 22ನೇ ಮೇಜಿನಲ್ಲಿ ಕೂರುತ್ತೇನೆ. ಎದುರಿನ ಕುರ್ಚಿಯ ಮುಂದೆ ಅವಳ ಕೊಡೆ ಇಟ್ಟಿರುತ್ತೇನೆ. ಅವಳು ಬಂದರೆ ಏನು ತಿನ್ನುತ್ತಾಳೆ ಎಂದು ಕೇಳಿ, ಅದನ್ನೇ ತರುತ್ತೇನೆ.

ಬರೆದದ್ದನ್ನು ಕಾರ್ಪೊರಲ್ ಒಮ್ಮೆ ಓದಿ ಹೇಳಿದರು, ಆಮೇಲೆ ನಾನೇ ಒಮ್ಮೆ ಓದಿಕೊಂಡೆ. ಮಧ್ಯಾಹ್ನದ ಹೇಳಿಕೆಯಲ್ಲಿದ್ದ ತಪ್ಪು ಇದರಲ್ಲಿ ಇಲ್ಲ. ನಾನು ಕಂಡದ್ದು, ಆಡಿದ್ದು, ಮಾಡಿದ್ದು ಇದ್ದಹಾಗೆಯೇ ಇದೆ. ಇದರ ಒಂದು ಪ್ರತಿ ಠಾಣೆಯ ಮೊಹರಿನೊಂದಿಗೆ ನನಗೆ ಬೇಕು. ನನಗಾಗಿ ಅಲ್ಲ. ನನ್ನ ನಾದಿನಿಗೆ ಓದಲು ಬರುತ್ತದೆ.

ಸ್ಥಳ: ತೈಪಿಂಗ್
ದಿನಾಂಕ: 15 ಮಾರ್ಚ್ 2023, ಸಂಜೆ 5.30
ಸಹಿ: ಖೋರ್ ಗೈಕ್ ಸುವಾನ್